ಗ್ರೀನ್ ಬೇಯ ಎರಡು ಜನವರಿಗಳು

ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡವೊಂದು ಜನವರಿಯಲ್ಲಿ ಸೋತು ಮನೆಗೆ ಮರಳಿದ ಮೇಲೆ, ಆ ಊರಿನ ಜನ ಮುಂದಿನ ಡಿಫೆನ್ಸಿವ್ ಕೋಆರ್ಡಿನೇಟರ್ ಯಾರಾಗಬಹುದೆಂದು ವಾರಗಟ್ಟಲೆ ಊಹಿಸುತ್ತ ಕೂರುತ್ತಾರೆ. ಆ ಊಹೆಗಳನ್ನೇ ಇಂದಿನ ಮಾತಿಗೆ ವಿಷಯವಾಗಿ ತೆಗೆದುಕೊಂಡಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು, ಅದರಲ್ಲಿಯೂ 2021 ಮತ್ತು 2024ರ ಎರಡು ಜನವರಿಗಳನ್ನು. ಎರಡೂ ಬಾರಿ ಜನರ ಬಾಯಲ್ಲಿದ್ದ ಹೆಸರುಗಳು ಸುಳ್ಳಾದವು. ಆದರೆ ತಂಡಕ್ಕೆ ಏನು ಕಾಯಿಲೆ ಎಂದು ಅವರು ಹೇಳಿದ್ದು ಸುಳ್ಳಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ಸ್ವಲ್ಪ ಹಿಂದಿನಿಂದ ಬರಬೇಕು.

ನಿಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು. ಡಿಫೆನ್ಸಿವ್ ಕೋಆರ್ಡಿನೇಟರ್ ಎಂದರೆ ಬೌಲಿಂಗ್ ಕೋಚ್ ಇದ್ದ ಹಾಗೆ ಎಂದು ಒಮ್ಮೆಲೇ ಅನಿಸಬಹುದು. ಹೋಲಿಕೆ ಅರ್ಧ ದೂರ ಮಾತ್ರ ನಡೆಯುತ್ತದೆ. ಬೌಲಿಂಗ್ ಕೋಚ್ ಹೇಳಿಕೊಡುವುದನ್ನೆಲ್ಲ ಪಂದ್ಯಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾನೆ. ಚೆಂಡು ಯಾರಿಗೆ ಕೊಡಬೇಕು, ಸ್ಲಿಪ್‌ನಲ್ಲಿ ಎಷ್ಟು ಜನ ನಿಲ್ಲಬೇಕು ಎಂಬುದು ಮೈದಾನದಲ್ಲಿರುವ ನಾಯಕನ ಪಾಲು. ಅಮೆರಿಕನ್ ಫುಟ್‌ಬಾಲಿನಲ್ಲಿ ದಾಳಿ ಮಾಡುವ ಹನ್ನೊಂದು ಜನ ಬೇರೆ, ತಡೆಯುವ ಹನ್ನೊಂದು ಜನ ಬೇರೆ, ಅವರವರ ಮೇಷ್ಟ್ರೂ ಬೇರೆ. ತಡೆಯುವವರು ಪ್ರತಿ ಸಲವೂ ಹೇಗೆ ನಿಲ್ಲಬೇಕು, ಯಾರು ನುಗ್ಗಬೇಕು, ಯಾರು ಹಿಂದೆ ಸರಿದು ಕಾಯಬೇಕು ಎಂಬುದನ್ನು ಆ ಕೋಆರ್ಡಿನೇಟರ್ ಹೊರಗಿನಿಂದಲೇ ನಿರ್ಧರಿಸುತ್ತಾರೆ. ಮೈದಾನದಲ್ಲಿರುವ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೋ ಇರುತ್ತದೆ, ಆ ಹೆಲ್ಮೆಟ್ಟಿನ ಹಿಂಭಾಗಕ್ಕೆ ಹಸಿರು ಚುಕ್ಕಿ ಅಂಟಿಸಿರುತ್ತಾರೆ. ಮುಂದಿನ ಆಟ ಶುರುಮಾಡಲು ಕೊಡುವ ಸಮಯದಲ್ಲಿ ಹದಿನೈದು ಸೆಕೆಂಡು ಉಳಿದಾಗ ಆ ರೇಡಿಯೋ ತಾನಾಗಿ ಮೂಕವಾಗುತ್ತದೆ. ಅಷ್ಟರೊಳಗೆ ಹೇಳಿ ಮುಗಿಸಬೇಕು. ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಬಾರಿ ಹೀಗೆ ನಡೆಯುತ್ತದೆ, ಪ್ರತಿಯೊಂದು ಆಜ್ಞೆಯ ಫಲವೂ ಕೂಡಲೇ ಟಿವಿಯ ಮುಂದೆ ಕೂತವರಿಗೆಲ್ಲ ಕಾಣುತ್ತದೆ. ಬೈಗುಳಕ್ಕೆ ಇಷ್ಟು ಅನುಕೂಲವಾದ ಹುದ್ದೆ ಇನ್ನೊಂದಿಲ್ಲ.

ಗ್ರೀನ್ ಬೇಯನ್ನು ಆರಿಸಿಕೊಂಡಿದ್ದಕ್ಕೂ ಕಾರಣವಿದೆ. ಅದು ಆಡುವ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ಉಳಿದ ತಂಡಗಳಿಗೆಲ್ಲ ಕೋಟ್ಯಧೀಶ ಮಾಲೀಕರಿದ್ದಾರೆ. ಪ್ಯಾಕರ್ಸ್ ತಂಡಕ್ಕೆ ಮಾಲೀಕರೆಂಬ ಒಬ್ಬರಿಲ್ಲ. ಜನಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿರುವ ಪಟ್ಟಣವದು. 1919ರಲ್ಲಿ ಹುಟ್ಟಿದ ತಂಡ, 1923ರಿಂದ ಸಾರ್ವಜನಿಕರ ಷೇರುಗಳ ಮೇಲೆ ನಿಂತಿದೆ. ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. 2021ರ ನವೆಂಬರಿನಲ್ಲಿ ಆರನೆಯ ಸಲ ಷೇರು ಮಾರಿದಾಗ ಒಂದರ ಬೆಲೆ 300 ಡಾಲರ್ ಇತ್ತು. ಆ ಷೇರಿಗೆ ಲಾಭಾಂಶವಿಲ್ಲ, ಅದನ್ನು ಮಾರುಕಟ್ಟೆಯಲ್ಲಿ ಮಾರುವಂತಿಲ್ಲ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು ಅಷ್ಟೇ. ಆದರೂ ಆ ಕಾಗದ ಇರುವ ಮನೆಯಲ್ಲಿ ಕೋಚ್ ಬಗ್ಗೆ ಆಡುವ ಮಾತಿಗೆ ಒಂದು ಅಧಿಕಾರದ ಧಾಟಿ ತಾನಾಗಿ ಬರುತ್ತದೆ. ನಮ್ಮ ಸಹಕಾರ ಸಂಘಗಳ ವಾರ್ಷಿಕ ಸಭೆಗೆ ಹೋದವರಿಗೆ ಈ ಧಾಟಿಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಮೊದಲನೆಯ ಜನವರಿಗೆ ಬರೋಣ. 2021ರ ಜನವರಿ 24ರಂದು ಪ್ಯಾಕರ್ಸ್ ತಮ್ಮದೇ ಲ್ಯಾಂಬೋ ಮೈದಾನದಲ್ಲಿ ಟ್ಯಾಂಪಾ ಬೇ ಬಕನೀಯರ್ಸ್ ವಿರುದ್ಧ 31-26ರಿಂದ ಸೋತರು. ಗೆದ್ದಿದ್ದರೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಹೋಗುತ್ತಿದ್ದರು. ಆ ಪಂದ್ಯದಲ್ಲಿ ಊರಿನವರು ಇಂದಿಗೂ ಮರೆಯದ ಒಂದು ಕ್ಷಣವಿದೆ. ಮೊದಲರ್ಧ ಮುಗಿಯಲು ಎಂಟು ಸೆಕೆಂಡು ಉಳಿದಿತ್ತು. ಎದುರಾಳಿಗೆ ಉಳಿದಿದ್ದ ದಾರಿ ದೂರದ ಎಸೆತ ಒಂದೇ. ಅಂಥ ಹೊತ್ತಿನಲ್ಲಿ ಹಿಂದೆ ಗುಂಪಾಗಿ ನಿಂತು ಗೋಲಿನ ಗೆರೆ ಕಾಯಬೇಕಾದ ರಕ್ಷಕರನ್ನು ಒಬ್ಬರಿಗೊಬ್ಬರಂತೆ ಬೆನ್ನಟ್ಟಲು ಬಿಟ್ಟರು. ಎದುರಾಳಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಟಾಮ್ ಬ್ರೇಡಿ ಎಸೆದ 39 ಗಜಗಳ ಎಸೆತವನ್ನು ಸ್ಕಾಟಿ ಮಿಲ್ಲರ್, ಪ್ಯಾಕರ್ಸ್ ರಕ್ಷಕ ಕೆವಿನ್ ಕಿಂಗ್ ಅವರನ್ನು ಹಿಂದಿಕ್ಕಿ ಹಿಡಿದು, ಗೋಲಿನ ಗೆರೆ ದಾಟಿ ಆರು ಅಂಕದ ಟಚ್‌ಡೌನ್ ಮಾಡಿದರು. ಗಡಿಯಾರದಲ್ಲಿ ಆಗ ಉಳಿದಿದ್ದುದು ಒಂದು ಸೆಕೆಂಡು. ಅದು ಆ ಸಂದರ್ಭಕ್ಕೆ ತಕ್ಕ ಆಜ್ಞೆ ಆಗಿರಲಿಲ್ಲವೆಂದು ಹೆಡ್ ಕೋಚ್ ಮ್ಯಾಟ್ ಲಾಫ್ಲೂರ್ ಪಂದ್ಯದ ಬಳಿಕ ಬಹಿರಂಗವಾಗಿಯೇ ಹೇಳಿದರು. ವಾರದೊಳಗೆ ಡಿಫೆನ್ಸಿವ್ ಕೋಆರ್ಡಿನೇಟರ್ ಮೈಕ್ ಪೆಟೀನ್ ಅವರ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂಬ ಸುದ್ದಿ ಬಂತು.

ಇಲ್ಲೊಂದು ಮಾತು ಸೇರಿಸದಿದ್ದರೆ ಪೆಟೀನ್ ಅವರಿಗೆ ಅನ್ಯಾಯವಾಗುತ್ತದೆ. ಅದೇ ಪಂದ್ಯದ ಉತ್ತರಾರ್ಧದಲ್ಲಿ ಅವರ ರಕ್ಷಕರು ಬ್ರೇಡಿಯ ಮೂರು ಎಸೆತಗಳನ್ನು ಕಸಿದುಕೊಂಡಿದ್ದರು. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ, ಎಂಟು ಗಜ ದೂರದಿಂದ ಟಚ್‌ಡೌನ್‌ಗೆ ಪ್ರಯತ್ನಿಸುವುದನ್ನು ಬಿಟ್ಟು ಮೂರು ಅಂಕದ ಫೀಲ್ಡ್ ಗೋಲಿಗೆ ತೃಪ್ತಿಪಟ್ಟವರು ಸ್ವತಃ ಲಾಫ್ಲೂರ್. ಸೋಲಿಗೆ ಅದೂ ಅಷ್ಟೇ ಕಾರಣ. ಆದರೆ ಆ ವರ್ಷ 13 ಪಂದ್ಯ ಗೆದ್ದ ಹೆಡ್ ಕೋಚನ್ನು ತೆಗೆಯಲಾಗುವುದಿಲ್ಲ. ಸೋಲಿಗೆ ಒಬ್ಬರ ಹೆಸರು ಬೇಕಾದಾಗ ಎರಡನೆಯ ಸಾಲಿನಲ್ಲಿ ಕೂತವರತ್ತ ಕೈ ಚಾಚುತ್ತದೆ. ಅದಕ್ಕೂ ಹಿಂದಿನ ವರ್ಷ, 2020ರ ಜನವರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ರಹೀಮ್ ಮೋಸ್ಟರ್ಟ್ ಇದೇ ರಕ್ಷಣೆಯ ಮೇಲೆ 220 ಗಜ ಓಡಿ ನಾಲ್ಕು ಟಚ್‌ಡೌನ್ ಮಾಡಿದ್ದರು. ಆ ದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆದದ್ದು ಎಂಟೇ ಎಂಟು ಸಲ. ಆ ಹಳೆಯ ಲೆಕ್ಕವೂ ಈಗ ಪೆಟೀನ್ ಖಾತೆಗೆ ಸೇರಿತು.

ಹುದ್ದೆ ಖಾಲಿಯಾಯಿತು. ಊರಿನ ಬಾಯಲ್ಲಿ ಒಂದು ಹೆಸರು ಉಳಿದೆಲ್ಲಕ್ಕಿಂತ ಜೋರಾಗಿ ಕೇಳಿತು: ಜಿಮ್ ಲೆನ್‌ಹಾರ್ಡ್. ಈ ಹೆಸರಿಗೆ ಅಷ್ಟು ತೂಕ ಏಕೆ ಬಂತೆಂದು ತಿಳಿದರೆ ಊಹೆಗಳ ಒಳಗುಟ್ಟು ಅರ್ಧ ತಿಳಿದಂತೆ. ವಿಸ್ಕಾನ್ಸಿನ್‌ನ ಸಣ್ಣ ಊರಿನ ಹುಡುಗ. ವಿದ್ಯಾರ್ಥಿವೇತನವಿಲ್ಲದೆ ರಾಜ್ಯದ ವಿಶ್ವವಿದ್ಯಾಲಯದ ತಂಡ ಸೇರಿ ಹೆಸರು ಮಾಡಿದವರು. ಆಮೇಲೆ ಹತ್ತು ವರ್ಷ ವೃತ್ತಿಪರ ಲೀಗಿನಲ್ಲಿ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕನ ಸ್ಥಾನದಲ್ಲಿ ಆಡಿದವರು. ಆಗ ಅದೇ ವಿಶ್ವವಿದ್ಯಾಲಯದ ರಕ್ಷಣಾ ವಿಭಾಗಕ್ಕೆ ಕೋಆರ್ಡಿನೇಟರ್ ಆಗಿದ್ದವರು. ಜನ ಅವರ ಯೋಜನೆಗಳನ್ನು ಕೂಲಂಕಷವಾಗಿ ನೋಡಿ ಮೆಚ್ಚಿದ್ದರೆಂದು ನಾನು ಹೇಳಲಾರೆ. ಮನೆ ಮಗ ಮನೆಗೆ ಬರಲಿ ಎಂಬ ಆಸೆಯೇ ಅಲ್ಲಿ ಮುಂದಿತ್ತು. ತಂಡವೂ ಅವರನ್ನೇ ಬಯಸಿತು. ಆದರೆ ಲೆನ್‌ಹಾರ್ಡ್ ವಿಶ್ವವಿದ್ಯಾಲಯದಲ್ಲಿಯೇ ಉಳಿಯುವುದಾಗಿ ಹೇಳಿ ಹಿಂದೆ ಸರಿದರು. ಊಹೆ ಮಾಡುವವರ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವ ಕಲಮು ಇದು. ತಂಡ ಯಾರನ್ನು ಕರೆಯಬಹುದೆಂದು ಎಲ್ಲರೂ ಯೋಚಿಸುತ್ತಾರೆ, ಕರೆದವರು ಬರುತ್ತಾರೆಯೇ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಸಂಬಂಧ ಹುಡುಕುವ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಹುಡುಗಿಯ ಒಪ್ಪಿಗೆಯ ಮಾತು ಬರುವುದು ಛತ್ರ ಗೊತ್ತುಮಾಡಿದ ಮೇಲೆ.

ಫೆಬ್ರವರಿಯಲ್ಲಿ ಬಂದವರು ಜೋ ಬ್ಯಾರಿ. ಅವರ ಹೆಸರು ಕೇಳಿ ಊರು ಸುಮ್ಮನಾಯಿತು, ಆಮೇಲೆ ಗೊಣಗಿತು. ಏಕೆಂದರೆ 2008ರಲ್ಲಿ ಹದಿನಾರಕ್ಕೆ ಹದಿನಾರು ಪಂದ್ಯ ಸೋತ ಡೆಟ್ರಾಯ್ಟ್ ತಂಡದ ಡಿಫೆನ್ಸಿವ್ ಕೋಆರ್ಡಿನೇಟರ್ ಅವರೇ. ಆ ತಂಡದ ಹೆಡ್ ಕೋಚ್ ಆಗಿದ್ದ ರಾಡ್ ಮರಿನೆಲ್ಲಿ, ಬ್ಯಾರಿಯವರ ಮಾವ. ಆ ಸೋಲುಗಳ ನಡುವೆ ಒಬ್ಬ ಪತ್ರಕರ್ತರು ಮರಿನೆಲ್ಲಿ ಅವರನ್ನು, ನಿಮ್ಮ ಮಗಳು ಇನ್ನೂ ಒಳ್ಳೆಯ ಡಿಫೆನ್ಸಿವ್ ಕೋಆರ್ಡಿನೇಟರನ್ನು ಮದುವೆಯಾಗಬೇಕಿತ್ತು ಅನಿಸುವುದಿಲ್ಲವೇ ಎಂಬರ್ಥದ ಪ್ರಶ್ನೆ ಕೇಳಿದ್ದರು. ಪತ್ರಿಕಾಗೋಷ್ಠಿಯಲ್ಲಿ ಕೇಳಬಾರದ ಪ್ರಶ್ನೆ, ನಿಜ. ಆದರೆ ಈ ಹುದ್ದೆಯಲ್ಲಿರುವವರನ್ನು ಜನ ಎಷ್ಟು ಹತ್ತಿರದಿಂದ ಇರಿಯುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಿದ್ದರೆ ಲಾಫ್ಲೂರ್ ಬ್ಯಾರಿಯವರನ್ನೇ ಏಕೆ ಕರೆತಂದರು? 2020ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ರಕ್ಷಣೆ ಲೀಗಿಗೇ ಮೊದಲನೆಯದಾಗಿತ್ತು. ಅದನ್ನು ನಡೆಸಿದವರು ಬ್ರ್ಯಾಂಡನ್ ಸ್ಟೇಲಿ. ವಿಕ್ ಫ್ಯಾಂಜಿಯೋ ಎಂಬ ಹಿರಿಯ ಕೋಚ್ ಬೆಳೆಸಿದ ಪದ್ಧತಿ ಅದು: ಇಬ್ಬರು ಸೇಫ್ಟಿಗಳು ಬಹಳ ಹಿಂದೆ ನಿಲ್ಲುತ್ತಾರೆ, ದೂರದ ಎಸೆತಕ್ಕೆ ಅವಕಾಶ ಕೊಡುವುದಿಲ್ಲ, ಎದುರಾಳಿ ಐದು ಗಜ, ಆರು ಗಜ ಎಂದು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬರಲಿ, ಬರುವ ದಾರಿಯಲ್ಲಿ ಎಲ್ಲಿಯಾದರೂ ಎಡವುತ್ತಾನೆ ಎಂದು ಕಾಯುವ ಲೆಕ್ಕಾಚಾರ. ಸ್ಟೇಲಿ ಆ ಹೊತ್ತಿಗೆ ಚಾರ್ಜರ್ಸ್ ತಂಡದ ಹೆಡ್ ಕೋಚ್ ಆಗಿ ಹೋಗಿದ್ದರು. ಮೂಲ ಸಿಗದಿದ್ದಾಗ ಮೂಲದ ಪಕ್ಕದಲ್ಲಿದ್ದವರನ್ನು ತರುವುದು ಈ ಲೀಗಿನ ರೂಢಿ. ಬ್ಯಾರಿ ಅದೇ ರ‍್ಯಾಮ್ಸ್ ತಂಡದಲ್ಲಿ ನಡುಸಾಲಿನ ರಕ್ಷಕರಾದ ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ದವರು; ಲಾಫ್ಲೂರ್ ಕೂಡ ಹಿಂದೆ ಅಲ್ಲಿ ಕೆಲಸ ಮಾಡಿದವರು. ತಮಾಷೆಯೆಂದರೆ, ಲೀಗಿಗೇ ಮೊದಲನೆಯದಾದ ಆ ರಕ್ಷಣೆಯ ಮೇಲೆ 2021ರ ಜನವರಿ 16ರಂದು 32 ಅಂಕ ಗಳಿಸಿ ಗೆದ್ದದ್ದು ಇದೇ ಪ್ಯಾಕರ್ಸ್. ತಾವೇ ಒಡೆದ ಬೀಗವನ್ನು ತಂದು ತಮ್ಮ ಬಾಗಿಲಿಗೆ ಹಾಕಿಕೊಂಡರು.

ಮುಂದಿನ ಮೂರು ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಮೊದಲ ವರ್ಷ ಬ್ಯಾರಿ ಅವರದು ಕೆಟ್ಟ ಕೆಲಸವಾಗಿರಲಿಲ್ಲ. 2022ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ 13-10ರಿಂದ ಸೋತಾಗ ರಕ್ಷಣೆ ಬಿಟ್ಟುಕೊಟ್ಟದ್ದು ಆರೇ ಅಂಕ. ಉಳಿದದ್ದು ಚೆಂಡು ಒದೆಯುವ ಹೊತ್ತಿಗೆ ಇಳಿಯುವ ಸ್ಪೆಷಲ್ ಟೀಮ್ಸ್ ವಿಭಾಗದ ಎಡವಟ್ಟಿನಿಂದ ಹೋಯಿತು, ಆ ವಿಭಾಗದ ಕೋಚ್ ಮನೆಗೆ ಹೋದರು. 2022 ಸಪ್ಪೆಯಾಗಿ ಕಳೆಯಿತು. 2023ರ ಡಿಸೆಂಬರ್ ಬಂತು. ಟ್ಯಾಂಪಾ ಬೇಯ ಬೇಕರ್ ಮೇಫೀಲ್ಡ್ ಲ್ಯಾಂಬೋ ಮೈದಾನಕ್ಕೆ ಬಂದು 381 ಗಜ ಎಸೆದು ನಾಲ್ಕು ಟಚ್‌ಡೌನ್ ಗಳಿಸಿದರು. ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯುವ ಅಂಕಪದ್ಧತಿಯಲ್ಲಿ 158.3 ಎಂಬುದು ಪೂರ್ಣಾಂಕ. ಆ ಮೈದಾನದಲ್ಲಿ ಅದನ್ನು ಪಡೆದ ಮೊದಲ ಅತಿಥಿ ಅವರು. ಮುಂದಿನ ವಾರ, ಆ ವರ್ಷ ಒಟ್ಟು ಎರಡೇ ಪಂದ್ಯ ಗೆದ್ದ ಕ್ಯಾರೊಲೈನಾ ತಂಡ ಕೂಡ ಇವರ ಮೇಲೆ 30 ಅಂಕ ಹೊಡೆಯಿತು. ಪಂದ್ಯ ಗೆದ್ದದ್ದು ಪ್ಯಾಕರ್ಸೇ ಆದರೂ ಗೆದ್ದವರ ಮುಖದಲ್ಲಿ ಕಳೆ ಇರಲಿಲ್ಲ.

ಊಹೆಗಳು ಆಗಲೇ ಶುರುವಾದವು ಎಂಬುದನ್ನು ಗಮನಿಸಿ. ಬ್ಯಾರಿ ಇನ್ನೂ ಕುರ್ಚಿಯಲ್ಲಿದ್ದರು, ಅವರನ್ನು ತೆಗೆಯಲು ಲಾಫ್ಲೂರ್ ಒಪ್ಪಿರಲಿಲ್ಲ. ಆದರೂ ಖಾಲಿಯಾಗದ ಕುರ್ಚಿಗೆ ಹೆಸರುಗಳು ಸಾಲುಗಟ್ಟಿದವು. ಅಷ್ಟರಲ್ಲಿ ತಂಡ ಗೆಲ್ಲತೊಡಗಿತು. ಮಿನೆಸೋಟ ಹತ್ತು ಅಂಕಕ್ಕೆ ನಿಂತಿತು, ಚಿಕಾಗೋ ಒಂಬತ್ತಕ್ಕೆ. ಡಲ್ಲಾಸ್ ತಂಡದ ಮೈದಾನಕ್ಕೇ ಹೋಗಿ 48-32ರಿಂದ ಗೆದ್ದರು. ಪಟ್ಟಿಗಳು ಎರಡು ವಾರ ಜೇಬಿಗೆ ಹೋದವು. 2024ರ ಜನವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ, ಕೊನೆಯ ಭಾಗದಲ್ಲಿ ಮುಂದಿದ್ದ ಪಂದ್ಯವನ್ನು 24-21ರಿಂದ ಬಿಟ್ಟುಕೊಟ್ಟಾಗ ಮತ್ತೆ ಹೊರಬಂದವು. 24ರಂದು ಬ್ಯಾರಿ ಹೊರನಡೆದರು.

ಈಗ ಪಟ್ಟಿಯನ್ನು ನೋಡೋಣ. ಬಾಲ್ಟಿಮೋರ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ತಂಡಗಳಲ್ಲಿ ಕೋಆರ್ಡಿನೇಟರ್ ಆಗಿದ್ದ ವಿಂಕ್ ಮಾರ್ಟಿಂಡೇಲ್. ಅವರು ಬಾರಿಬಾರಿಗೂ ಐದಾರು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವವರು. ಚಾರ್ಜರ್ಸ್ ತಂಡದಿಂದ ಡಿಸೆಂಬರಿನಲ್ಲಷ್ಟೇ ವಜಾ ಆಗಿದ್ದ, ಅದೇ ಹಳೆಯ ಸ್ಟೇಲಿ. ಮತ್ತೆ ಲೆನ್‌ಹಾರ್ಡ್, ಏಕೆಂದರೆ ವಿಶ್ವವಿದ್ಯಾಲಯ ಅವರನ್ನು ಹಂಗಾಮಿ ಹೆಡ್ ಕೋಚ್ ಮಾಡಿ ನೋಡಿ ಖಾಯಂ ಹುದ್ದೆಯನ್ನು ಬೇರೊಬ್ಬರಿಗೆ ಕೊಟ್ಟಿತ್ತು. ಈ ಪಟ್ಟಿಯನ್ನು ಮುಂದಿನ ತಿಂಗಳುಗಳ ಸುದ್ದಿಯೆಂದು ಓದಿದರೆ ಏನೂ ಸಿಗುವುದಿಲ್ಲ: ಮಾರ್ಟಿಂಡೇಲ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, ಸ್ಟೇಲಿ ಸ್ಯಾನ್ ಫ್ರಾನ್ಸಿಸ್ಕೋಗೆ, ಲೆನ್‌ಹಾರ್ಡ್ ಡೆನ್ವರ್‌ಗೆ. ಹಿಂದಿನ ಮೂರು ವರ್ಷಗಳ ದೂರಿನ ಅರ್ಜಿಯೆಂದು ಓದಿದರೆ ಎಲ್ಲವೂ ಸಿಗುತ್ತದೆ. ಮಾರ್ಟಿಂಡೇಲ್ ಬೇಕು ಎಂದವರು ನಿಜವಾಗಿ ಹೇಳುತ್ತಿದ್ದುದು, ಕಾದು ಕೂರುವ ಈ ರಕ್ಷಣೆ ಸಾಕು, ಯಾರಾದರೂ ಮುಂದೆ ನುಗ್ಗಲಿ ಎಂದು. ಸ್ಟೇಲಿ ಬೇಕು ಎಂದವರ ಮಾತಿನ ತಿರುಳು, ಪದ್ಧತಿಯಲ್ಲಿ ತಪ್ಪಿರಲಿಲ್ಲ, ನಕಲಿನಲ್ಲಿ ತಪ್ಪಿತ್ತು ಎಂಬುದು. ನಾನು ಮೊದಲ ಗುಂಪಿನವನು, ಮುಚ್ಚಿಡುವುದಿಲ್ಲ.

ಈ ಹೆಸರುಗಳನ್ನು ಯಾರು ಹರಿಯಬಿಡುತ್ತಾರೆ ಎಂದು ನೀವು ಕೇಳಬಹುದು. ಕೋಚ್‌ಗಳಿಗೆ ಏಜೆಂಟರಿರುತ್ತಾರೆ. ತಮ್ಮ ಕೋಚ್ ಮೇಲೆ ಬೇರೆ ತಂಡಕ್ಕೆ ಕಣ್ಣಿದೆ ಎಂಬ ಸುದ್ದಿ ಪತ್ರಕರ್ತರ ಕಿವಿಗೆ ಬಿದ್ದರೆ, ಈಗಿರುವ ತಂಡದಲ್ಲಿ ಸಂಬಳ ಏರಿಸಿಕೊಳ್ಳಲು ದಾರಿಯಾಗುತ್ತದೆ. ಜೊತೆಗೆ ಲೀಗಿನ ನಿಯಮಗಳೂ ಸುದ್ದಿ ಹುಟ್ಟಿಸುತ್ತವೆ. ಕೋಆರ್ಡಿನೇಟರ್ ಆಗಿರುವವರನ್ನು ಅದೇ ಹುದ್ದೆಗೆ ಬೇರೆ ತಂಡ ಕರೆದರೆ ಈಗಿನ ತಂಡ ಬೇಡ ಎನ್ನಬಹುದು. ಆದರೆ ಕೆಳಗಿನ ಹುದ್ದೆಯಲ್ಲಿರುವವರಿಗೆ ಬಡ್ತಿಯ ಸಂದರ್ಶನವನ್ನು ತಡೆಯುವಂತಿಲ್ಲವೆಂದು 2020ರಲ್ಲಿ ನಿಯಮ ಬದಲಾಯಿತು. ಪಿಟ್ಸ್‌ಬರ್ಗ್ ತಂಡದ ಡ್ಯಾನ್ ರೂನಿ ಅವರ ಹೆಸರಿನಲ್ಲಿ 2003ರಿಂದ ಇರುವ ರೂನಿ ನಿಯಮವೂ ಅದೇ ವರ್ಷದಿಂದ ಕೋಆರ್ಡಿನೇಟರ್ ಹುದ್ದೆಗಳಿಗೆ ವಿಸ್ತರಿಸಿ, ಅಲ್ಪಸಂಖ್ಯಾತ ಸಮುದಾಯಗಳ ಅಭ್ಯರ್ಥಿಗಳನ್ನು ಹೊರಗಿನಿಂದ ಸಂದರ್ಶಿಸಲೇಬೇಕೆಂದಿತು. ಹೀಗಾಗಿ ಪ್ರತಿ ಜನವರಿಯಲ್ಲಿ ಹತ್ತಾರು ಸಂದರ್ಶನಗಳು ನಡೆಯುತ್ತವೆ, ಪ್ರತಿಯೊಂದೂ ಸುದ್ದಿಯಾಗುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಅಲ್ಲಿ ಕೊರತೆಯಿಲ್ಲ. ಆ ನೂಕುನುಗ್ಗಲಿನಲ್ಲಿ ಯಾವ ಸಂದರ್ಶನದ ಹಿಂದೆ ಗಟ್ಟಿ ಮನಸ್ಸಿದೆ, ಯಾವುದರ ಹಿಂದೆ ಇಲ್ಲ ಎಂದು ಹೊರಗಿದ್ದವರಿಗೆ ಗೊತ್ತಾಗುವುದು ಕಷ್ಟ.

ಜನವರಿ 31ರಂದು ಬಂದ ಹೆಸರು ಜೆಫ್ ಹಾಫ್ಲಿ. ಅವರು ಬಾಸ್ಟನ್ ಕಾಲೇಜಿನ ಹೆಡ್ ಕೋಚ್ ಆಗಿದ್ದರು. ನಾಲ್ಕು ವರ್ಷಗಳಲ್ಲಿ ಗೆದ್ದದ್ದು 22, ಸೋತದ್ದು 26. ಊಹಿಸುವವರೆಲ್ಲ ಕಕ್ಕಾಬಿಕ್ಕಿಯಾದರು. ಒಂದು ವಿಶ್ವವಿದ್ಯಾಲಯದ ಹೆಡ್ ಕೋಚ್, ಮತ್ತೊಬ್ಬರ ಕೈಕೆಳಗಿನ ಹುದ್ದೆಗೆ ತಾನಾಗಿ ಇಳಿದು ಬರುತ್ತಾನೆಂದು ಯಾರು ಎಣಿಸುತ್ತಾರೆ? ಆದರೆ ಅಮೆರಿಕದ ಕಾಲೇಜು ಫುಟ್‌ಬಾಲ್ ಅಷ್ಟರಲ್ಲಿ ಬದಲಾಗಿತ್ತು. 2021ರ ಜುಲೈಯಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯುವಂತಾಯಿತು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದೂ ಸುಲಭವಾಯಿತು. ಹೆಡ್ ಕೋಚ್ ಆದವರು ಹಣ ಸಂಗ್ರಹಿಸಬೇಕು, ಹೊಸಬರನ್ನು ಸೆಳೆಯಬೇಕು, ತಮ್ಮ ಆಟಗಾರರನ್ನೇ ಪ್ರತಿ ವರ್ಷ ಒಲಿಸಿ ಉಳಿಸಿಕೊಳ್ಳಬೇಕು. ಹಾಫ್ಲಿ ಅವರಿಗೆ ಬರೀ ಆಟ ಕಲಿಸುವ ಕೆಲಸಕ್ಕೆ ಮರಳುವುದು ಬೇಕಿತ್ತೆಂದು ಆಗ ವರದಿಯಾಯಿತು. ಹೊರಗಿನಿಂದ ಹಿಂಬಡ್ತಿಯಂತೆ ಕಂಡದ್ದು ಅವರ ಪಾಲಿಗೆ ಬಿಡುಗಡೆ ಆಗಿದ್ದಿರಬಹುದು.

ಇನ್ನೊಂದು ದಾರದ ಎಳೆಯನ್ನೂ ಪಟ್ಟಿ ಮಾಡಿದವರು ನೋಡಿರಲಿಲ್ಲ. ಹಾಫ್ಲಿ 2016ರಿಂದ 2018ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದಿನ ಸಾಲಿನ ರಕ್ಷಕರ ಕೋಚ್ ಆಗಿದ್ದವರು. ಕೊನೆಯ ಎರಡು ವರ್ಷ ಅಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದವರು ರಾಬರ್ಟ್ ಸಲೇಹ್. ದಾಳಿಯ ವಿಭಾಗದಲ್ಲಿದ್ದವರು ಮೈಕ್ ಲಾಫ್ಲೂರ್. ಮೈಕ್ ಅವರು ಮ್ಯಾಟ್ ಲಾಫ್ಲೂರ್ ಅವರ ಒಡಹುಟ್ಟಿದ ತಮ್ಮ. ಸಲೇಹ್, ಮ್ಯಾಟ್ ಅವರ ಮದುವೆಯಲ್ಲಿ ಪಕ್ಕದಲ್ಲಿ ನಿಂತ ಆಪ್ತ ಗೆಳೆಯ. ಇವರಿಬ್ಬರ ಬಾಯಿಮಾತಿನ ಶಿಫಾರಸು ಇತ್ತೋ ಇಲ್ಲವೋ, ಹಾಫ್ಲಿ ಆ ಮನೆಗೆ ಅಪರಿಚಿತರಂತೂ ಆಗಿರಲಿಲ್ಲ. ಇದನ್ನು ಸ್ವಜನಪಕ್ಷಪಾತ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹದಿನೈದು ಸೆಕೆಂಡಿನ ಗಡುವಿನಲ್ಲಿ ಕೆಲಸ ಮಾಡುವವರನ್ನು, ಒತ್ತಡದಲ್ಲಿ ಅವರು ಹೇಗಿರುತ್ತಾರೆಂದು ಕಂಡವರ ಮಾತು ಕೇಳಿ ಆರಿಸುವುದು ವಿವೇಕವೇ. ಆದರೆ ಊಹಿಸುವವರು ಆ ವಾರ ಹರಡಿಕೊಂಡು ಕೂತಿದ್ದುದು ಫ್ಯಾಂಜಿಯೋ ಅವರ ಶಿಷ್ಯಪರಂಪರೆಯ ನಕ್ಷೆಯನ್ನು. ಲಾಫ್ಲೂರ್ ಅವರ ಮದುವೆಯ ಫೋಟೋ ಅವರ ಬಳಿ ಇರಲಿಲ್ಲ.

ಇನ್ನು ಕಾಯಿಲೆಯ ವಿಷಯ. ಹಾಫ್ಲಿ ಬಂದವರೇ ರಕ್ಷಣೆಯ ಅಡಿಪಾಯವನ್ನೇ ಬದಲಿಸಿದರು. ಮುಂದಿನ ಸಾಲಿನಲ್ಲಿ ಮೂವರ ಬದಲು ನಾಲ್ವರು. ಬಹಳ ಹಿಂದೆ ಇಬ್ಬರ ಬದಲು ಹೆಚ್ಚಾಗಿ ಒಬ್ಬನೇ ಸೇಫ್ಟಿ. ಅಂಚಿನ ರಕ್ಷಕರು ಎದುರಾಳಿಗೆ ಅಂಟಿಕೊಂಡು ನಿಲ್ಲಬೇಕು. ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲಿರಬೇಕು, ಚೆಂಡು ಹೊರಟ ಕ್ಷಣ ಅದರತ್ತ ಹಾರಬೇಕು. ಮಾರ್ಟಿಂಡೇಲ್ ಹೆಸರು ಹಿಡಿದು ಊರು ಕೇಳುತ್ತಿದ್ದ ಎದೆಗಾರಿಕೆ ಇನ್ನೊಂದು ಹೆಸರಿನಲ್ಲಿ, ಇನ್ನೊಂದು ರೂಪದಲ್ಲಿ ಬಂದಿತ್ತು. 2023ರಲ್ಲಿ ಇಡೀ ತಂಡ ಎದುರಾಳಿಯಿಂದ ಕಸಿದುಕೊಂಡ ಎಸೆತಗಳು ಏಳು. 2024ರಲ್ಲಿ ಝೇವಿಯರ್ ಮೆಕಿನ್ನಿ ಎಂಬ ಒಬ್ಬ ಸೇಫ್ಟಿಯೇ ಎಂಟನ್ನು ಕಸಿದರು. ಎಲ್ಲ ಬಗೆಯಲ್ಲೂ ಚೆಂಡನ್ನು ಕಿತ್ತುಕೊಂಡ ಒಟ್ಟು ಲೆಕ್ಕ 18ರಿಂದ 31ಕ್ಕೆ ಏರಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ನಾನು ವಕಾಲತ್ತು ಮಾಡಿದಂತಾಗುತ್ತದೆ, ಆದ್ದರಿಂದ ಎದುರು ಪಕ್ಷದ ಅಂಕಿಯನ್ನೂ ಇಡುತ್ತೇನೆ. ಬ್ಯಾರಿ ಅವರ ಕೊನೆಯ ವರ್ಷ ಪ್ಯಾಕರ್ಸ್ 17 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 350 ಅಂಕ. ಹಾಫ್ಲಿ ಅವರ ಮೊದಲ ವರ್ಷ 338. ವ್ಯತ್ಯಾಸ ಇಡೀ ವರ್ಷಕ್ಕೆ ಹನ್ನೆರಡು ಅಂಕ, ಪಂದ್ಯಕ್ಕೆ ಒಂದು ಅಂಕವೂ ಇಲ್ಲ. ಮೆಕಿನ್ನಿ ಕೂಡ ಹಾಫ್ಲಿ ಕೈಯಲ್ಲಿ ಅರಳಿದ ಮೊಗ್ಗಲ್ಲ. 2024ರ ಮಾರ್ಚಿನಲ್ಲಿ ನ್ಯೂಯಾರ್ಕಿನಿಂದ ದೊಡ್ಡ ಮೊತ್ತ ಕೊಟ್ಟು ತಂದ ಆಟಗಾರ. ಅದೇ ಆಟಗಾರ ಒಂದು ವರ್ಷ ಮೊದಲೇ ಬಂದಿದ್ದರೆ ಬ್ಯಾರಿ ಉಳಿಯುತ್ತಿದ್ದರೇ? ನನ್ನ ಮಟ್ಟಿಗೆ, ಉಳಿಯುತ್ತಿರಲಿಲ್ಲ. ಬಿಟ್ಟುಕೊಟ್ಟ ಅಂಕ ಒಂದೇ ಆದರೂ, ಕಾಯುತ್ತ ಸೋಲುವುದನ್ನು ನೋಡುವುದಕ್ಕೂ ನುಗ್ಗಿ ಸೋಲುವುದನ್ನು ನೋಡುವುದಕ್ಕೂ ಪ್ರೇಕ್ಷಕನ ಹೊಟ್ಟೆಯಲ್ಲಿ ಬಹಳ ವ್ಯತ್ಯಾಸವಿದೆ, ಕೋಚ್‌ಗಳ ನೌಕರಿ ಅನೇಕ ಸಲ ಆ ಹೊಟ್ಟೆಯನ್ನು ಅವಲಂಬಿಸಿರುತ್ತದೆ.

2025ರ ಜನವರಿ 12ರಂದು ಪ್ಯಾಕರ್ಸ್ ಫಿಲಡೆಲ್ಫಿಯಾದಲ್ಲಿ 22-10ರಿಂದ ಸೋತು ಆ ವರ್ಷದ ಆಟ ಮುಗಿಸಿದರು. ಎದುರಾಳಿಯ ಡಿಫೆನ್ಸಿವ್ ಕೋಆರ್ಡಿನೇಟರ್ ಬೇರೆ ಯಾರೂ ಅಲ್ಲ, ಕಾಯುವ ಪದ್ಧತಿಯ ಮೂಲಪುರುಷ ವಿಕ್ ಫ್ಯಾಂಜಿಯೋ; ನಕಲು ಸೋತಿದ್ದ ಊರಿನ ತಂಡವನ್ನು ಅಸಲು ಹತ್ತು ಅಂಕಕ್ಕೆ ನಿಲ್ಲಿಸಿತು. ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಅವರ ಮೂರು ಎಸೆತಗಳು ಎದುರಾಳಿಯ ಕೈಸೇರಿದ್ದವು. ಮರುದಿನ ಬೆಳಿಗ್ಗೆ ವಿಸ್ಕಾನ್ಸಿನ್‌ನಲ್ಲಿರುವ ನನ್ನ ಗೆಳೆಯ, ಗೋಡೆಯ ಮೇಲೆ ಷೇರು ತೂಗುಹಾಕಿರುವ ಮನುಷ್ಯ, ನನಗೊಂದು ಸಂದೇಶ ಕಳಿಸಿದ. ಅದರಲ್ಲಿ ಮೂರು ಹೆಸರುಗಳಿದ್ದವು. ಮೂರೂ ಈ ಬಾರಿ ದಾಳಿ ವಿಭಾಗದ ಕೋಚ್ ಹುದ್ದೆಗೆ.